ಪ್ರಾಣಿ ಆಕಾರದ ಹಬೆ ಬನ್ನು: ಮಕ್ಕಳ ಜೊತೆ ಮಾಡುವಾಗ ಬರುವ ದೋಷಗಳು, ಅವುಗಳ ಕಾರಣ ಮತ್ತು ಪರಿಹಾರ

ಅಟ್ಟಿನಳಗೆಯ (ಹಬೆಯಲ್ಲಿ ಬೇಯಿಸುವ ಪಾತ್ರೆಯ) ಮುಚ್ಚಳ ತೆಗೆದಾಗ ಮೊಲದ ಕಿವಿ ಕಳಚಿ ಬಿದ್ದಿದ್ದರೆ, ಹಂದಿಮರಿಯ ಮೈ ಸುಕ್ಕುಗಟ್ಟಿದ್ದರೆ ಅಥವಾ ಆಮೆಯ ಬೆನ್ನಿನ ಮೇಲೆ ಹಳದಿ ಚುಕ್ಕೆಗಳು ಎದ್ದಿದ್ದರೆ, ಹೆಚ್ಚಿನವರು ಮೊದಲು ಮೈದಾವನ್ನು ದೂರುತ್ತಾರೆ, ಆಮೇಲೆ ಈಸ್ಟನ್ನು ದೂರುತ್ತಾರೆ. ಕಾಸರಗೋಡಿನ ಕಡೆಯ ಅಡುಗೆಮನೆಯಲ್ಲಿ, ಅದರಲ್ಲೂ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಾಡುವಾಗ, ಮೊದಲು ನೋಡಬೇಕಾದದ್ದು ಗಡಿಯಾರ. ಕೇರಳದ ಶಾಲೆಗಳಿಗೆ ರಜೆ ಇರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಆಗ ಮಧ್ಯಾಹ್ನದ ಅಡುಗೆಮನೆಯ ಸೆಕೆ 32 ಡಿಗ್ರಿಯನ್ನು ಸುಲಭವಾಗಿ ಮುಟ್ಟುತ್ತದೆ. ಅಷ್ಟು ಸೆಕೆಯಲ್ಲಿ ಈಸ್ಟ್ ಸೇರಿದ ಹಿಟ್ಟು ತಂಪು ದೇಶದ ಪಾಕವಿಧಾನಗಳಲ್ಲಿ ಬರೆದಿರುವುದಕ್ಕಿಂತ ಬಹಳ ಬೇಗ ಉಬ್ಬುತ್ತದೆ. ಮಕ್ಕಳ ಕೈ ಮಾತ್ರ ನಿಧಾನ, ಹಾಗೆ ಇರುವುದೇ ಸರಿ. ಮೊದಲನೆಯ ಮೊಲ ಉಬ್ಬಿ ಹದ ಮೀರುವ ಹೊತ್ತಿಗೆ ಕೊನೆಯ ಆಮೆಗೆ ಇನ್ನೂ ಕಾಲು ಅಂಟಿಸಿರುವುದಿಲ್ಲ. ಎರಡನ್ನೂ ಒಟ್ಟಿಗೆ ಹಬೆಗೆ ಇಟ್ಟರೆ ಒಂದು ಕುಸಿಯುತ್ತದೆ, ಇನ್ನೊಂದು ಗಟ್ಟಿಯಾಗುತ್ತದೆ. ಕೆಳಗೆ ಹೇಳಿರುವ ದೋಷಗಳಲ್ಲಿ ಹೆಚ್ಚಿನವು ಈ ಹೊತ್ತಿನ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಹೋಲಿಸಿ ನೋಡಲು ಒಂದು ಅಳತೆ ಬೇಕಾಗುವುದರಿಂದ ಇಲ್ಲಿ 300 ಗ್ರಾಂ ಮೈದಾ, 150 ಮಿಲಿಲೀಟರ್ ನೀರು ಅಥವಾ ಹಾಲು, 30 ಗ್ರಾಂ ಸಕ್ಕರೆ, ಒಂದು ಚಮಚ ಎಣ್ಣೆ, ಒಂದು ಚಿಟಿಕೆ ಉಪ್ಪು ಎಂದು ಇಟ್ಟುಕೊಳ್ಳೋಣ. ಇದರಿಂದ ತಲಾ 40 ಗ್ರಾಂ ತೂಕದ 12 ಬನ್ನುಗಳಾಗುತ್ತವೆ. ಸಾಮಾನ್ಯವಾಗಿ ಇಷ್ಟು ಹಿಟ್ಟಿಗೆ 3 ಗ್ರಾಂ ಇನ್‌ಸ್ಟಂಟ್ ಈಸ್ಟ್ ಹೇಳುತ್ತಾರೆ. ಬೇಸಗೆಯಲ್ಲಿ, ಮಕ್ಕಳ ಜೊತೆಗೆ, 2 ಗ್ರಾಂ ಸಾಕು. ಮಳೆಗಾಲದಲ್ಲಿ ತೆರೆದಿಟ್ಟ ಮೈದಾ ಗಾಳಿಯ ತೇವವನ್ನು ಎಳೆದುಕೊಂಡಿರುವುದರಿಂದ ನೀರನ್ನು ಒಂದೆರಡು ಚಮಚ ಕಡಿಮೆ ಮಾಡಿ ಕಲಸಲು ಆರಂಭಿಸಬೇಕು.

ಒಂದನ್ನು ಕತ್ತರಿಸಿ ನೋಡಿ

ಹೊರಗಿನಿಂದ ನೋಡಿ ಕಾರಣ ಹೇಳುವುದು ಕಷ್ಟ. ಕೆಟ್ಟ ಬನ್ನುಗಳಲ್ಲಿ ಒಂದನ್ನು ಹರಿತವಾದ ಚೂರಿಯಿಂದ ನಡುವೆ ಸೀಳಿ, ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಸಣ್ಣ, ಸಮನಾದ ತೂತುಗಳಿದ್ದು ಸಿಪ್ಪೆಯ ಕೆಳಗೆ ಮಾತ್ರ ದೊಡ್ಡ ಗುಳ್ಳೆಗಳಿದ್ದರೆ, ಕಲಸಿದ ಹಿಟ್ಟಿನ ಗಾಳಿಯನ್ನು ಲಟ್ಟಣಿಗೆಯಿಂದ ಪೂರ್ತಿ ಹೊರಡಿಸಿಲ್ಲ ಎಂದರ್ಥ. ಎಲ್ಲೆಡೆ ತೂತುಗಳು ದೊಡ್ಡದಾಗಿ, ಅವುಗಳ ನಡುವಿನ ಗೋಡೆಗಳು ತೆಳುವಾಗಿ, ಮೂಗಿಗೆ ಸ್ವಲ್ಪ ಹುಳಿ ವಾಸನೆ ಬಂದರೆ ಹಿಟ್ಟು ಹದ ಮೀರಿ ಉಬ್ಬಿದೆ. ತೂತುಗಳೇ ಕಾಣದೆ ಹಲ್ಲಿಗೆ ಅಂಟುವಂತೆ ಬಿಗಿಯಾಗಿದ್ದರೆ ಉಬ್ಬುವುದಕ್ಕೆ ಸಮಯ ಸಾಲಲಿಲ್ಲ ಅಥವಾ ಈಸ್ಟ್ ಸತ್ತಿದೆ. ಕೆಳಭಾಗದಲ್ಲಿ ಮಾತ್ರ ಪಾರದರ್ಶಕವಾದ, ಮೇಣದಂತಹ ಪದರ ಕಂಡರೆ ಅದು ಉಬ್ಬಿದ್ದಕ್ಕೆ ಸಂಬಂಧಿಸಿದ್ದಲ್ಲ: ಕುದಿಯುವ ನೀರು ತಟ್ಟೆಗೆ ಹಾರಿದೆ ಅಥವಾ ಒಳಗಿನ ಹೂರಣ ಸೋರಿದೆ.

ಎಲ್ಲ ಬನ್ನುಗಳೂ ಒಂದೇ ರೀತಿ ಕೆಟ್ಟಿವೆಯೋ, ಕೆಲವು ಮಾತ್ರವೋ ಎಂಬುದನ್ನೂ ಗಮನಿಸಬೇಕು. ಎಲ್ಲವೂ ಬಿಗಿಯಾಗಿದ್ದರೆ ಈಸ್ಟನ್ನು ಪರೀಕ್ಷಿಸಬೇಕು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬಾಯಿ ತೆರೆದಿಟ್ಟ ಈಸ್ಟ್ ಪೊಟ್ಟಣ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬೇಕು, ಸಂಶಯವಿದ್ದರೆ ಉಗುರುಬೆಚ್ಚಗಿನ ನೀರಿಗೆ ಸಕ್ಕರೆಯೊಂದಿಗೆ ಹಾಕಿ ಹತ್ತು ನಿಮಿಷದಲ್ಲಿ ನೊರೆ ಬರುತ್ತದೆಯೇ ಎಂದು ನೋಡಬೇಕು. ಈಸ್ಟ್ 55 ಡಿಗ್ರಿ ದಾಟಿದರೆ ಸಾಯತೊಡಗುತ್ತದೆ. ಆದ್ದರಿಂದ ಒಲೆಯಿಂದ ಇಳಿಸಿದ ಹಾಲನ್ನು ನೇರವಾಗಿ ಸುರಿಯುವಂತಿಲ್ಲ. ಇನ್ನು ಬೇಸಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬರುವ ನೀರು ಕೈಗೆ ಬಿಸಿ ತಾಗುವಷ್ಟಿರುತ್ತದೆ. ಅದು ಈಸ್ಟನ್ನು ಕೊಲ್ಲದೆ ಹೋದರೂ ಹಿಟ್ಟನ್ನು ಕಲಸುವಾಗಲೇ ಉಬ್ಬಿಸಲು ಶುರು ಮಾಡುತ್ತದೆ. ಆಗಷ್ಟೇ ಸೇದಿದ ಬಾವಿಯ ನೀರು, ಇಲ್ಲವಾದರೆ ಫ್ರಿಜ್ಜಿನ ತಣ್ಣೀರು ಬಳಸುವುದು ನಮ್ಮ ಹವೆಗೆ ಸರಿಹೊಂದುತ್ತದೆ.

ಕೆಲವು ಮಾತ್ರ ಕೆಟ್ಟಿದ್ದರೆ, ಅವು ಯಾವ ಕ್ರಮದಲ್ಲಿ ತಯಾರಾದವು ಎಂದು ನೆನಪಿಸಿಕೊಳ್ಳಬೇಕು. ಮೊದಲು ಮಾಡಿದವು ಕುಸಿದು, ಕೊನೆಯಲ್ಲಿ ಮಾಡಿದವು ಬಿಗಿಯಾಗಿದ್ದರೆ ರೋಗ ಪತ್ತೆಯಾದಂತೆ.

ಹೊತ್ತಿನ ದೋಷಕ್ಕೆ ಪರಿಹಾರ

ಹಿಟ್ಟನ್ನು ಕಲಸಿ, ನಾದಿ ಮುಗಿದೊಡನೆ ಮೂರು ಪಾಲು ಮಾಡಬೇಕು. ಒಂದು ಪಾಲು ಮಾತ್ರ ಮಕ್ಕಳ ಮುಂದೆ ಬರಲಿ, ಉಳಿದ ಎರಡು ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನೊಳಗೆ ಇರಲಿ. ನಾಲ್ಕು ಬನ್ನುಗಳ ಕೆಲಸ ಮುಗಿದ ಮೇಲೆ ಎರಡನೆಯ ಪಾಲನ್ನು ತೆಗೆದು, ಲಟ್ಟಣಿಗೆಯಿಂದ ಲಟ್ಟಿಸಿ, ಮಡಚಿ ಮತ್ತೆ ಲಟ್ಟಿಸಿ, ಕತ್ತರಿಸಿದ ಅಂಚಿನಲ್ಲಿ ತೂತು ಕಾಣದಷ್ಟು ಗಾಳಿ ಹೊರಡಿಸಿ ಮಕ್ಕಳಿಗೆ ಕೊಡಬೇಕು. ಹೀಗೆ ಮಾಡುವಾಗ ಒಂದೊಂದು ಬನ್ನಿನ ಕೆಳಗೂ ಇಡುವ ಬಾಳೆಲೆಯ ಚೂರಿನ ಅಂಚಿಗೆ ಹರಿತವಾದ ಕಡ್ಡಿಯಿಂದ ಗೀರಿ ಒಂದು, ಎರಡು, ಮೂರು ಎಂದು ಗುರುತು ಹಾಕಿದರೆ ಯಾವುದು ಮೊದಲು ಹಬೆಗೆ ಹೋಗಬೇಕೆಂಬ ಗೊಂದಲವೇ ಇರುವುದಿಲ್ಲ. ಮಕ್ಕಳಿಗೂ ತಮ್ಮ ತಮ್ಮ ಬನ್ನನ್ನು ಗುರುತಿಸುವುದು ಸುಲಭವಾಗುತ್ತದೆ.

ಹದವನ್ನು ಕಣ್ಣಳತೆಯಿಂದ ಹೇಳುವುದು ಪ್ರಾಣಿ ಆಕಾರದಲ್ಲಿ ಕಷ್ಟ, ಏಕೆಂದರೆ ಕಿವಿ, ಮೂತಿ, ಬಾಲಗಳು ಕಣ್ಣನ್ನು ದಾರಿ ತಪ್ಪಿಸುತ್ತವೆ. ಅದಕ್ಕೆ ಚೀನಾದ ಮನೆಗಳಲ್ಲಿ ಬಳಸುವ ಒಂದು ಉಪಾಯವಿದೆ. ಪ್ರತಿ ಪಾಲಿನಿಂದಲೂ ಅಡಿಕೆ ಗಾತ್ರದ ಹಿಟ್ಟನ್ನು ನೇರ ಗೋಡೆಯ ಸಣ್ಣ ಗ್ಲಾಸಿನ ತಳಕ್ಕೆ ಒತ್ತಿ, ಅದರ ಎತ್ತರಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಬನ್ನುಗಳ ಪಕ್ಕದಲ್ಲೇ ಇಡಬೇಕು. ಹಿಟ್ಟು ಆ ಗುರುತಿನ ಒಂದೂವರೆ ಪಟ್ಟು ಏರಿದಾಗ ಆ ಪಾಲಿನ ಬನ್ನುಗಳು ಹಬೆಗೆ ತಯಾರು. ಬ್ರೆಡ್ಡಿಗೆ ಹೇಳುವಂತೆ ಎರಡು ಪಟ್ಟು ಆಗುವವರೆಗೆ ಕಾದರೆ ಆಕಾರ ಉಳಿಯುವುದಿಲ್ಲ. ಬೆರಳಿನಿಂದ ಬನ್ನಿನ ಬದಿಯನ್ನು ಮೆಲ್ಲಗೆ ಒತ್ತಿದಾಗ ಗುಳಿ ನಿಧಾನವಾಗಿ ಹಿಂದಕ್ಕೆ ಬಂದು ಸಣ್ಣ ಗುರುತು ಉಳಿಯಬೇಕು. ತಟ್ಟನೆ ಹಿಂದಕ್ಕೆ ಬಂದರೆ ಇನ್ನೂ ಕಾಯಬೇಕು, ಬರದೇ ಇದ್ದರೆ ಹದ ಮೀರಿದೆ.

ಹದ ಮೀರಿದ ಬನ್ನನ್ನು ಎಸೆಯುವ ಅಗತ್ಯವಿಲ್ಲ. ಒಂದು ಚಮಚ ಒಣ ಮೈದಾ ಸೇರಿಸಿ ಮತ್ತೆ ನಾದಿ, ಗಾಳಿ ಹೊರಡಿಸಿ, ಬೇಗ ಮುಗಿಯುವ ಆಕಾರವೊಂದನ್ನು ಮಾಡಬಹುದು. ಇದಕ್ಕೆ ಮುಳ್ಳುಹಂದಿಯಷ್ಟು ಒಳ್ಳೆಯದು ಬೇರೆಯಿಲ್ಲ: ಒಂದು ಬದಿ ಚೂಪಾದ ಮೊಟ್ಟೆಯಾಕಾರ ಮಾಡಿಟ್ಟು, ಹಬೆಗೆ ಇಡುವ ಮುನ್ನ ಸಣ್ಣ ಕತ್ತರಿಯ ತುದಿಯಿಂದ ಬೆನ್ನಿನ ಸಿಪ್ಪೆಯನ್ನು ಸಾಲು ಸಾಲಾಗಿ ಚಿವುಟಿ ಎಬ್ಬಿಸಿದರೆ ಮುಳ್ಳುಗಳು ನಿಲ್ಲುತ್ತವೆ. ಕತ್ತರಿಯ ಕೆಲಸ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಆ ಸಂತೋಷಕ್ಕಾಗಿಯೇ ಒಂದು ಪಾಲನ್ನು ಮುಳ್ಳುಹಂದಿಗೆಂದು ಮೊದಲೇ ತೆಗೆದಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಸುಕ್ಕು

ಎಲ್ಲಕ್ಕಿಂತ ಹೆಚ್ಚು ಬೇಸರ ತರುವ ದೋಷ ಇದು, ಏಕೆಂದರೆ ಮುಚ್ಚಳ ತೆಗೆದಾಗ ನುಣ್ಣಗಿದ್ದ ಬನ್ನು ಮಕ್ಕಳ ಕಣ್ಣೆದುರಿನಲ್ಲೇ ಸುಕ್ಕಾಗುತ್ತದೆ. ಸುಕ್ಕು ಯಾವಾಗ ಕಾಣಿಸಿತು, ಎಲ್ಲಿ ಕಾಣಿಸಿತು ಎಂಬ ಎರಡು ಪ್ರಶ್ನೆಗಳಿಂದ ಕಾರಣವನ್ನು ಹಿಡಿಯಬಹುದು.

ಮುಚ್ಚಳ ತೆಗೆಯುವ ಮೊದಲೇ, ಅಂದರೆ ತೆಗೆದ ಕ್ಷಣಕ್ಕೇ ಬನ್ನು ಕುಗ್ಗಿ ಕುಳಿತಿದ್ದರೆ, ಹಿಟ್ಟು ಹದ ಮೀರಿದೆ ಅಥವಾ ಉರಿ ವಿಪರೀತವಾಗಿದೆ. ಕಡುಬು, ಕೊಟ್ಟಿಗೆ ಬೇಯಿಸಿ ರೂಢಿಯಾದ ಕೈ ಅಟ್ಟಿನಳಗೆಯ ಕೆಳಗೆ ಸಹಜವಾಗಿ ಜೋರು ಉರಿ ಹಾಕುತ್ತದೆ. ಅಕ್ಕಿಹಿಟ್ಟಿಗೆ ಅದು ಸರಿ, ಏಕೆಂದರೆ ಅಕ್ಕಿಯಲ್ಲಿ ಮೈದಾದಲ್ಲಿರುವಂತಹ ಗ್ಲುಟನ್ (ಹಿಟ್ಟಿಗೆ ಎಳೆತ ಕೊಡುವ ಪ್ರೋಟೀನ್) ಜಾಲವಿಲ್ಲ, ಬೆಂದ ಪಿಷ್ಟವೇ ಆಕಾರವನ್ನು ಹಿಡಿದಿಡುತ್ತದೆ. ಮೈದಾದ ಬನ್ನಿನಲ್ಲಿ ಜೋರು ಹಬೆ ಒಳಗಿನ ಗಾಳಿಯನ್ನು ಒಮ್ಮೆಲೇ ಹಿಗ್ಗಿಸಿ, ಜಾಲ ಗಟ್ಟಿಯಾಗುವ ಮೊದಲೇ ಅದನ್ನು ಹರಿಯುತ್ತದೆ. ನೀರು ಕುದಿಯಲು ಮಾತ್ರ ದೊಡ್ಡ ಉರಿ ಬೇಕು. ಬನ್ನುಗಳನ್ನು ಇಟ್ಟ ಮೇಲೆ ಮಧ್ಯಮ ಉರಿಯಲ್ಲಿ 40 ಗ್ರಾಮಿನ ಬನ್ನಿಗೆ 10ರಿಂದ 12 ನಿಮಿಷ, ಹೂರಣವಿದ್ದರೆ 15 ನಿಮಿಷ ಸಾಕು. ಸೌದೆ ಒಲೆಯಾದರೆ ಕೊಳ್ಳಿಗಳನ್ನು ಹಿಂದಕ್ಕೆ ಎಳೆದು ಕೆಂಡದ ಮೇಲೆ ಒಂದೆರಡು ಸಣ್ಣ ಸೌದೆ ಮಾತ್ರ ಉಳಿಸಿಕೊಳ್ಳಬೇಕು.

ತೆಗೆದಾಗ ಚೆನ್ನಾಗಿದ್ದು ನಿಮಿಷದೊಳಗೆ ಸುಕ್ಕಾದರೆ, ಮುಚ್ಚಳವನ್ನು ಅವಸರದಲ್ಲಿ ತೆಗೆದದ್ದೇ ಕಾರಣ. ಬನ್ನಿನ ತೂತುಗಳೊಳಗೆ ತುಂಬಿರುವುದು ಹಬೆ. ತಣ್ಣನೆಯ ಗಾಳಿ ತಾಗಿದೊಡನೆ ಅದು ನೀರಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ಆ ಜಾಗವನ್ನು ತುಂಬುವಷ್ಟರಲ್ಲಿ ಮೆತ್ತಗಿನ ಸಿಪ್ಪೆ ಒಳಕ್ಕೆ ಸೆಳೆಯಲ್ಪಡುತ್ತದೆ. ಉರಿ ಆರಿಸಿದ ಮೇಲೆ ಮುಚ್ಚಳವನ್ನು ಬೆರಳಗಲ ಸರಿಸಿ, ಮೂರರಿಂದ ಐದು ನಿಮಿಷ ಹಾಗೆಯೇ ಬಿಟ್ಟು, ನಂತರ ಪೂರ್ತಿ ತೆಗೆಯಬೇಕು. ಆ ಹೊತ್ತಿನಲ್ಲಿ ಅಡುಗೆಮನೆಯ ಫ್ಯಾನ್ ಆರಿಸಿರಲಿ. ಆದರೂ ಸುಕ್ಕಾದರೆ ಒಳಗೆ ಬೇಯಲಿಲ್ಲವೆಂದು ತಿಳಿದು ಮುಂದಿನ ಸಲ ಎರಡು ನಿಮಿಷ ಹೆಚ್ಚು ಇಡಬೇಕು. ಒಳಗೆ ಹೇಗಾಯಿತೆಂದು ನೋಡುವ ಆತುರ ಮಕ್ಕಳಿಗೆ ಇದ್ದೇ ಇರುತ್ತದೆ. ಬೇಯುತ್ತಿರುವಾಗ ಮುಚ್ಚಳ ತೆಗೆದರೆ ಅರ್ಧ ಬೆಂದ ಬನ್ನು ಮತ್ತೆ ಏಳುವುದಿಲ್ಲ. ಹಬೆಯ ಸುಟ್ಟಗಾಯ ಕುದಿಯುವ ನೀರಿನ ಸುಟ್ಟಗಾಯಕ್ಕಿಂತಲೂ ಕೆಟ್ಟದ್ದಾಗಬಹುದು, ಆದ್ದರಿಂದ ಮುಚ್ಚಳ ಮುಟ್ಟುವ ಕೆಲಸ ದೊಡ್ಡವರದು ಮಾತ್ರ.

ಬನ್ನಿನ ಒಂದು ಭಾಗದಲ್ಲಿ ಮಾತ್ರ ಗುಳಿ ಬಿದ್ದು, ಅಲ್ಲಿ ಬಣ್ಣ ಕಂದಿ ಮೇಣದಂತಾಗಿದ್ದರೆ ಮೇಲಿನಿಂದ ನೀರು ಹನಿದಿದೆ. ಬಿದಿರಿನ ಹಬೆ ಬುಟ್ಟಿ ತೇವವನ್ನು ಹೀರುತ್ತದೆ, ಅಲ್ಯುಮಿನಿಯಂ ಅಥವಾ ತಾಮ್ರದ ಅಟ್ಟಿನಳಗೆಯ ಮುಚ್ಚಳ ಹೀರುವುದಿಲ್ಲ. ತೆಳುವಾದ ಹತ್ತಿಯ ಬೈರಾಸನ್ನು (ಟವೆಲನ್ನು) ಮುಚ್ಚಳದ ಒಳಮೈಗೆ ಬಿಗಿಯಾಗಿ ಸುತ್ತಿ, ತುದಿಗಳನ್ನು ಮೇಲಕ್ಕೆ ಕಟ್ಟಬೇಕು. ತುದಿ ಕೆಳಗೆ ನೇತಾಡಿದರೆ ಉರಿ ತಾಗುವ ಅಪಾಯವಿದೆ. ಕೆಳಗಿನ ನೀರಿಗೂ ತಟ್ಟೆಗೂ ಕನಿಷ್ಠ ಮೂರು ಬೆರಳಿನಷ್ಟು ಅಂತರವಿರಲಿ. ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟರೆ ಎಲ್ಲ ಪ್ರಾಣಿಗಳೂ ಇಡ್ಲಿಯ ಆಕಾರಕ್ಕೆ ಬರುವುದರಿಂದ ಸಪಾಟಾದ, ತೂತುಗಳಿರುವ ತಟ್ಟೆಯನ್ನೇ ಬಳಸಬೇಕು.

ಕಿವಿ ಬೀಳುವುದು, ಕಣ್ಣು ಸರಿಯುವುದು

ಕಿವಿ ಬಿದ್ದರೆ ಬಿದ್ದ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಹುಡಿ ತಾಗಿದರೆ ಒಣ ಮೈದಾ ಹೆಚ್ಚಾಗಿದೆ. ಹಿಟ್ಟು ಅಂಟಿದಾಗಲೆಲ್ಲ ಮಕ್ಕಳು ಮೈದಾದಲ್ಲಿ ಕೈ ಅದ್ದುತ್ತಾರೆ. ಹೀಗೆ ಪದೇಪದೇ ಮೈದಾ ಸೇರಿದ ಹಿಟ್ಟಿನ ಮೇಲ್ಮೈ ಒಣಗಿ ಬಿರಿಯುತ್ತದೆ, ಬೆಂದ ಮೇಲೂ ಬಿಳಿ ಮಚ್ಚೆಗಳು ಉಳಿಯುತ್ತವೆ. ಅದರ ಬದಲು ಕೈ ತೊಳೆದು ಒರೆಸಿ, ಅಂಗೈಗೆ ಒಂದು ಹನಿ ತೆಂಗಿನೆಣ್ಣೆ ಸವರಿಕೊಂಡರೆ ಹಿಟ್ಟು ಅಂಟುವುದಿಲ್ಲ. ಆದರೆ ಅದೇ ಎಣ್ಣೆ ಜೋಡಣೆಯ ಜಾಗಕ್ಕೆ ತಾಗಿದರೆ ಕಿವಿ ಖಂಡಿತ ಜಾರುತ್ತದೆ. ಆದ್ದರಿಂದ ಎಣ್ಣೆ ಉಂಡೆ ಕಟ್ಟುವಾಗ ಮಾತ್ರ ಇರಲಿ, ಅಂಟಿಸುವ ಹೊತ್ತಿಗೆ ಕೈ ಒಣಗಿರಲಿ. ಅಂಟಿಸಲು ನೀರನ್ನು ಬೆರಳ ತುದಿಯಿಂದ ಒತ್ತಿದಷ್ಟೇ ಹಚ್ಚಬೇಕು. ನೀರು ಹೆಚ್ಚಾಗಿ ಹೊಳೆಯುತ್ತಿದ್ದರೆ ಕಿವಿ ಕೆಳಗಿಳಿಯುತ್ತದೆ.

ಉದ್ದ ಕಿವಿಗೆ ಅಂಟಿಸುವುದಕ್ಕಿಂತ ನಾಟುವುದು ಗಟ್ಟಿ: ತಲೆಯಲ್ಲಿ ಕಿರುಬೆರಳಿನಿಂದ ಸಣ್ಣ ಗುಳಿ ಮಾಡಿ, ಕಿವಿಯ ಬುಡವನ್ನು ಚೂಪು ಮಾಡಿ ಅದರೊಳಗೆ ಇಳಿಸಿ ಸುತ್ತ ಒತ್ತಬೇಕು. ಕಿವಿ ನೆಟ್ಟಗೆ ನಿಲ್ಲದೆ ಬಾಗುತ್ತಿದ್ದರೆ ಅದು ದೋಷವಲ್ಲ, ಮೆತ್ತಗಿನ ಹಿಟ್ಟಿನ ಸ್ವಭಾವ. ಮೊಲದ ಕಿವಿಯನ್ನು ಬೆನ್ನಿಗೆ ಒರಗಿಸಿ ಮಲಗಿಸಿದರೆ ಚಂದವೂ ಹೌದು, ಭದ್ರವೂ ಹೌದು. ಹಂದಿಮರಿಯ ಮೂತಿಯ ತೂತುಗಳು ಬೆಂದಾಗ ಮುಚ್ಚಿಹೋದರೆ ಅವನ್ನು ಆಳವಿಲ್ಲದೆ ಚುಚ್ಚಲಾಗಿದೆ. ಹೊಸ ತೆಂಗಿನ ಗರಿಯ ಕಡ್ಡಿಯನ್ನು ತೊಳೆದು, ಅದರಿಂದ ಮೂತಿಯ ಚಕ್ಕೆ ದಾಟಿ ಒಳಗಿನ ಹಿಟ್ಟಿಗೆ ತಾಗುವವರೆಗೆ ಚುಚ್ಚಿ, ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ ತೂತನ್ನು ಅಗಲ ಮಾಡಬೇಕು.

ಕಣ್ಣಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬನ್ನು ಉಬ್ಬುವಾಗ ಕಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಜೊತೆಗೆ ಅವು ಮೇಲಕ್ಕೂ ಸರಿಯುತ್ತವೆ. ಮುಖ ಮುದ್ದಾಗಿ ಕಾಣಬೇಕಾದರೆ ಕಣ್ಣುಗಳನ್ನು ಬೇಕೆನಿಸಿದ್ದಕ್ಕಿಂತ ಹತ್ತಿರಕ್ಕೆ ಮತ್ತು ಕೆಳಗೆ, ಹೆಚ್ಚುಕಡಿಮೆ ಮೂತಿಯ ಸಾಲಿನಲ್ಲೇ ಇಡಬೇಕು. ಕಪ್ಪು ಎಳ್ಳನ್ನು ಚೂಪಾದ ತುದಿ ಒಳಗೆ ಹೋಗುವಂತೆ ನಾಟಿದರೆ ಉದುರುವುದಿಲ್ಲ. ಕೆಲವರು ಕರಿಮೆಣಸು ಬಳಸುತ್ತಾರೆ, ಮಕ್ಕಳು ತಿನ್ನುವ ಬನ್ನಿಗೆ ಅದು ಬೇಡ. ಕೋಕೋ ಹಿಟ್ಟಿನ ಚುಕ್ಕೆಗಳು ನೀರು ತಾಗಿ ಇಳಿದರೆ, ಕಣ್ಣನ್ನು ಬೇಯಿಸಿದ ನಂತರ ಕರಗಿದ ಚಾಕೊಲೇಟಿನಿಂದ ಇಡುವುದೇ ಪರಿಹಾರ.

ಬಣ್ಣ

ಬೀಟ್‌ರೂಟಿನಿಂದ ಕಲಸಿದ ಗುಲಾಬಿ ಹಂದಿಮರಿ ಬೆಂದು ಬಂದಾಗ ಮಾಸಿದ ಕಂದು ಬಣ್ಣಕ್ಕೆ ತಿರುಗುವುದು ಸಾಮಾನ್ಯ. ಬೀಟ್‌ರೂಟಿನ ಬಣ್ಣದ್ರವ್ಯ ಬಿಸಿಯನ್ನು ತಾಳುವುದಿಲ್ಲ. ಬಸಳೆಯ ಹಣ್ಣಿನ ನೇರಳೆ ರಸವೂ ಅದೇ ಗುಂಪಿಗೆ ಸೇರಿದ್ದರಿಂದ, ಹಿತ್ತಿಲ ಚಪ್ಪರದಲ್ಲಿ ಎಷ್ಟು ಚೆನ್ನಾಗಿ ಕಂಡರೂ ಹಬೆಯಲ್ಲಿ ಮಂಕಾಗುತ್ತದೆ. ರಸಕ್ಕೆ ನಾಲ್ಕಾರು ಹನಿ ಲಿಂಬೆ ಹಿಂಡುವುದು, ಬನ್ನನ್ನು ಸಣ್ಣದಾಗಿ ಮಾಡಿ ಬೇಯುವ ಹೊತ್ತನ್ನು ಕಡಿಮೆ ಮಾಡುವುದು, ಇವೆರಡರಿಂದ ಬಣ್ಣ ಸ್ವಲ್ಪ ಉಳಿಯುತ್ತದೆ. ಖಚಿತವಾಗಿ ನಿಲ್ಲುವ ಬಣ್ಣ ಬೇಕಿದ್ದರೆ ಕ್ಯಾರೆಟ್ ಮತ್ತು ಚೀನಿಕಾಯಿ (ಸಿಹಿಗುಂಬಳ). ಅವುಗಳ ಕಿತ್ತಳೆ, ಹಳದಿ ಬಣ್ಣ ಬಿಸಿಗೆ ಹೆದರುವುದಿಲ್ಲ. ಬೇಯಿಸಿ ಅರೆದ ಚೀನಿಕಾಯಿಯಲ್ಲಿ ನೀರಿನ ಅಂಶ ಬಹಳವಿರುವುದರಿಂದ ಅದನ್ನು ಸೇರಿಸಿದಾಗ ನೀರನ್ನು ಕೊನೆಗೆ, ಚಮಚದಿಂದ, ಬೇಕಾದಷ್ಟೇ ಹಾಕಬೇಕು.

ಶಂಖಪುಷ್ಪದ ನೀಲಿ ಹುಳಿಗೆ ನೇರಳೆಯಾಗುತ್ತದೆ, ಸೋಡಾಕ್ಕೆ ಹಸಿರಾಗುತ್ತದೆ. ಅರಸಿನದ ಹಳದಿ ಕೆಂಪು ಕಂದಾದರೆ ಹಿಟ್ಟಿನಲ್ಲಿ ಕ್ಷಾರ ಹೆಚ್ಚಾಗಿದೆ ಎಂದೇ ತಿಳಿಯಬೇಕು. ಅರಸಿನಕ್ಕೆ ಸುಣ್ಣ ಸೇರಿ ಕುರುದಿ ನೀರು (ಪೂಜೆ, ಆರತಿಗೆ ಬಳಸುವ ಓಕುಳಿ ನೀರು) ಕೆಂಪಾಗುವುದು ಇದೇ ಕಾರಣಕ್ಕೆ. ಬೇಕಿಂಗ್ ಪೌಡರ್ ಎಂದುಕೊಂಡು ಅಡುಗೆ ಸೋಡಾ ಹಾಕಿದಾಗ ಬಿಳಿಯ ಬನ್ನು ಕೂಡ ಹಳದಿಯಾಗುತ್ತದೆ, ಏಕೆಂದರೆ ಗೋಧಿಯಲ್ಲೇ ಇರುವ ಕೆಲವು ದ್ರವ್ಯಗಳು ಕ್ಷಾರದಲ್ಲಿ ಹಳದಿ ತಿರುಗುತ್ತವೆ. ಬನ್ನು ಪೂರ್ತಿ ಹಳದಿಯಾಗದೆ ಅಲ್ಲಲ್ಲಿ ಚುಕ್ಕೆಯಾದರೆ ಬೇಕಿಂಗ್ ಪೌಡರ್ ಗಂಟು ಕಟ್ಟಿದೆ, ಅದನ್ನು ಮೈದಾದ ಜೊತೆ ಜರಡಿ ಹಿಡಿಯಬೇಕು. ಈಸ್ಟ್ ಚೆನ್ನಾಗಿದ್ದರೆ ಬೇಕಿಂಗ್ ಪೌಡರ್ ಇಲ್ಲದೆಯೂ ನಡೆಯುತ್ತದೆ. ಸಕ್ಕರೆ ಕರಗದಿದ್ದರೂ ಕಂದು ಗುಳಿಗಳು ಬೀಳುತ್ತವೆ, ಅದನ್ನು ನೀರಿನಲ್ಲಿ ಕರಗಿಸಿಯೇ ಹಾಕಬೇಕು. ಸೊಪ್ಪಿನ ಹಸಿರು ಬೆಂದಾಗ ಮಂಕಾಗುವುದನ್ನು ತಡೆಯಲು ಸೋಡಾ ಹಾಕುವ ಸಲಹೆ ಕೇಳಿಬರುತ್ತದೆ. ರುಚಿ ಕೆಡಿಸಿಕೊಂಡು ಬಣ್ಣ ಉಳಿಸುವುದನ್ನು ನಾನು ಒಪ್ಪುವುದಿಲ್ಲ. ಮಂಕು ಹಸಿರಿನ ಆಮೆ, ಕಪ್ಪೆಗಳು ಹಾಗೆಯೇ ಚೆನ್ನಾಗಿರುತ್ತವೆ.

ಅಂಟುವುದು ಮತ್ತು ಸೋರುವುದು

ತಳ ಅಂಟಿ ಕಿತ್ತುಬಂದರೆ, ಕೆಳಗೆ ಹಾಸಿದ ಬಾಳೆಲೆಯನ್ನು ಬಾಡಿಸಿ ಎಣ್ಣೆ ಸವರಿಲ್ಲ ಎಂದರ್ಥ. ಬೆಂಕಿಗೆ ಹಿಡಿದು ಬಾಡಿಸಿದ ಎಲೆ ಸಪಾಟಾಗಿ ಕೂರುತ್ತದೆ, ಹಸಿ ಎಲೆ ಹಬೆಯಲ್ಲಿ ಮುದುಡಿ ಬನ್ನನ್ನು ಓರೆ ಮಾಡುತ್ತದೆ. ತಳದಲ್ಲಿ ಎಲೆಯ ತಿಳಿಗಂದು ಬಣ್ಣ ಹತ್ತುವುದು ಸಹಜ. ಬನ್ನುಗಳ ನಡುವೆ ಎರಡು ಬೆರಳಿನಷ್ಟು ಜಾಗ ಬಿಡದಿದ್ದರೆ ಉಬ್ಬಿ ಒಂದಕ್ಕೊಂದು ಅಂಟುತ್ತವೆ, ಬಿಡಿಸುವಾಗ ಪಕ್ಕದ ಸಿಪ್ಪೆ ಹರಿಯುತ್ತದೆ.

ಹೂರಣ ತುಂಬುವಾಗ ನಮ್ಮ ಮನೆಗಳಲ್ಲಿ ಕೈಗೆ ಸಿಗುವುದು ಬೆಲ್ಲ, ಕಾಯಿತುರಿ. ಹಸಿಯಾಗಿ ಬೆರೆಸಿ ತುಂಬಿದರೆ ಬೆಲ್ಲ ಕರಗಿ, ತಳದ ಹಿಟ್ಟನ್ನು ನೆನೆಸಿ, ಬನ್ನಿನ ಹೊಟ್ಟೆ ಒಡೆಯುತ್ತದೆ. ಬಾಣಲೆಯಲ್ಲಿ ಪಾಕ ಬತ್ತಿ, ಉಂಡೆ ಕಟ್ಟಿದರೆ ನಿಲ್ಲುವಷ್ಟು ಕಾಯಿಸಿ, ಪೂರ್ತಿ ತಣಿಸಿ ತುಂಬಬೇಕು. ಬಿಸಿ ಹೂರಣ ಒಳಗಿನ ಹಿಟ್ಟನ್ನು ಬೇಗ ಹುದುಗಿಸಿ, ಸಿಪ್ಪೆಗೂ ಹೂರಣಕ್ಕೂ ನಡುವೆ ಟೊಳ್ಳು ಮಾಡುತ್ತದೆ. ಹಿಟ್ಟಿನ ಹಾಳೆ ನಡುವೆ ದಪ್ಪ, ಅಂಚಿಗೆ ತೆಳು ಇರಲಿ, ಒಟ್ಟು ಸೇರಿಸಿದ ಅಂಚು ಕೆಳಕ್ಕೆ ಬರಲಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಹೂರಣವಿಲ್ಲದ ಬನ್ನೇ ಕೊಡುವುದು ಜಾಣತನ, ಏಕೆಂದರೆ ಬಾಯಿ ಮುಚ್ಚುವ ಹೊತ್ತಿಗೆ ಅವರ ಬೆರಳಿಗೆ ಬೆಲ್ಲ ತಾಗಿದರೆ ಅಂಚು ಮತ್ತೆ ಕೂಡುವುದಿಲ್ಲ. ಬೇಯಿಸದ ಹಿಟ್ಟನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು, ಹಸಿ ಮೈದಾದಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಮರುದಿನ ಬನ್ನು ಗಟ್ಟಿಯಾದರೆ ಬೇಯಿಸಿದ್ದರಲ್ಲಿ ದೋಷ ಹುಡುಕಬೇಕಾಗಿಲ್ಲ. ತಣಿದ ಪಿಷ್ಟ ಬಿಗಿಯಾಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ. ಪೂರ್ತಿ ಆರಿದ ಬನ್ನುಗಳನ್ನು ಅದೇ ದಿನ ಮುಚ್ಚಿದ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ, ಬೇಕಾದಾಗ ಕರಗಿಸದೆ ನೇರವಾಗಿ ಹಬೆಗೆ ಇಟ್ಟು ಎಂಟರಿಂದ ಹತ್ತು ನಿಮಿಷ ಬಿಸಿ ಮಾಡಿದರೆ ಮೊದಲಿನಂತೆ ಮೆತ್ತಗಾಗುತ್ತವೆ. ಚಾಕೊಲೇಟಿನ ಕಣ್ಣು ಇಡುವುದಿದ್ದರೆ ಹೀಗೆ ಬಿಸಿ ಮಾಡಿದ ಮೇಲೆ, ಬನ್ನಿನ ಮೈ ಒಣಗಿದ ನಂತರ ಇಡಬೇಕು.